ಎರಡು ಕಾಲಿದ್ದರೆ ಅದು ಡ್ರ್ಯಾಗನ್ ಅಲ್ಲವೇ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು. ಮಲೆನಾಡನ್ನೇ ಹಿನ್ನೆಲೆಯಾಗಿಟ್ಟುಕೊಂಡು ಒಂದು ಫ್ಯಾಂಟಸಿ ಕಾದಂಬರಿ ಸರಣಿ ಬರೆಯುತ್ತಿದ್ದೇನೆ. ಮೊದಲ ಸಂಪುಟವನ್ನು ಕಳೆದ ವರ್ಷ ನಾವೇ ಅಚ್ಚು ಹಾಕಿಸಿದೆವು. ಕಥೆಯಲ್ಲಿ ಬರುವ ಕುಲಗಳ ಪಟ್ಟಿಯನ್ನು ಪುಸ್ತಕದ ಕೊನೆಯಲ್ಲಿ ಕೊಟ್ಟಿದ್ದೆ: ಯಕ್ಷರು, ಗಂಧರ್ವರು, ಕಿನ್ನರರು, ರಾಕ್ಷಸರು, ಜಲವಾಸಿಗಳು, ಕಾಡಿನ ದುಷ್ಟಶಕ್ತಿಗಳು (ಚೌಡಿ, ಭೂತಪ್ಪ ಇತ್ಯಾದಿ), ಕೊನೆಗೆ ಡ್ರ್ಯಾಗನ್‌ಗಳು. ಡ್ರ್ಯಾಗನ್‌ಗಳಲ್ಲಿ ಕೆಂಪು, ನೀಲಿ, ಹಸಿರು, ಕಪ್ಪು ಎಂದು ನಾಲ್ಕು ಬಗೆ. ನಾಗರದ್ದು ಐದನೆಯ ಉಪವರ್ಗ. ಕಪ್ಪು ಡ್ರ್ಯಾಗನ್ ಹುಟ್ಟಾ ಕೆಟ್ಟದ್ದು ಎಂದು ಬರೆದಿದ್ದೇನೆ. ಆದರೆ ಮೂರನೇ ಸಂಪುಟದಲ್ಲಿ ಒಂದು ಕಪ್ಪು ಡ್ರ್ಯಾಗನ್ ನಾಯಕಿಯ ಜೀವ ಉಳಿಸಬೇಕು. ನಾಗಿಣಿಗೂ ಮನುಷ್ಯನಿಗೂ ಹುಟ್ಟಿದ ಹುಡುಗಿಯೊಬ್ಬಳು ಬರುತ್ತಾಳೆ, ಅವಳಿಗೆ ಪಟ್ಟಿಯಲ್ಲಿ ಜಾಗವೇ ಇಲ್ಲ. ಬೆಂಗಳೂರಿನಲ್ಲಿ ಓದುವ ಅಕ್ಕನ ಮಗ, "ಮುಖಪುಟದ ಚಿತ್ರಕ್ಕೆ ಎರಡೇ ಕಾಲಿದೆ ಚಿಕ್ಕಮ್ಮ, ಅದು ಡ್ರ್ಯಾಗನ್ ಅಲ್ಲ, ವೈವರ್ನ್. ಗೊತ್ತಿದ್ದವರು ನಗ್ತಾರೆ" ಅಂತಾನೆ. ಅತ್ತೆಯವರು ಚೌಡಮ್ಮನನ್ನು ಪಟ್ಟಿಗೆ ಸೇರಿಸಿದ್ದಕ್ಕೆ ಬೇಜಾರು ಮಾಡಿಕೊಂಡಿದ್ದಾರೆ. ಇವನ್ನೆಲ್ಲ ವಿಂಗಡಿಸಲು ಪ್ರಮಾಣ ಅನ್ನಬಹುದಾದ ಪಟ್ಟಿ ಎಲ್ಲಾದರೂ ಇದೆಯೇ? ಎರಡನೇ ಸಂಪುಟ ಅಚ್ಚಿಗೆ ಹೋಗುವ ಮೊದಲು ಎಲ್ಲವನ್ನೂ ತಿದ್ದಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ, ಆದರೆ ಎಲ್ಲದರ ಹಿಂದಿನ ಅಂಜಿಕೆ ಒಂದೇ. ಎಲ್ಲೋ ಒಂದು ಕಡೆ ಸರಿಯಾದ ಪಟ್ಟಿ ಇದೆ, ಅದನ್ನು ನೋಡದೆ ನಾನು ಬರೆದುಬಿಟ್ಟೆ, ಯಾರಾದರೂ ಹಿಡಿದು ಕೇಳಿದರೆ ಏನು ಗತಿ ಅನ್ನುವುದು. ಜಾನಪದ ಪಾಠ ಹೇಳುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಗಳು ಇದನ್ನೇ ಕೇಳುತ್ತಿದ್ದರು. ಈಗ ಹಸ್ತಪ್ರತಿ ತಿದ್ದಿಕೊಡುವ ಕೆಲಸದಲ್ಲಿ ಲೇಖಕರೂ ಅದನ್ನೇ ಕೇಳುತ್ತಾರೆ. ಅಂಥ ಪಟ್ಟಿ ಇಲ್ಲ. ಇರುವುದು ಹಲವು ಪಟ್ಟಿಗಳು. ಒಂದೊಂದನ್ನೂ ಯಾರೋ ಒಬ್ಬರು ತಮ್ಮ ಕೆಲಸಕ್ಕೆ ಬೇಕಾದ ಹಾಗೆ ಮಾಡಿಕೊಂಡಿದ್ದಾರೆ, ಒಂದಕ್ಕೊಂದು ತಾಳೆಯಾಗುವುದಿಲ್ಲ.

ನಮ್ಮಲ್ಲೇ ನೋಡಿ. ಅಮರಕೋಶದ ಸ್ವರ್ಗವರ್ಗದಲ್ಲಿ ಒಂದು ಶ್ಲೋಕವಿದೆ: "ವಿದ್ಯಾಧರಾಪ್ಸರೋಯಕ್ಷರಕ್ಷೋಗಂಧರ್ವಕಿನ್ನರಾಃ, ಪಿಶಾಚೋ ಗುಹ್ಯಕಃ ಸಿದ್ಧೋ ಭೂತೋಽಮೀ ದೇವಯೋನಯಃ". ಒಟ್ಟು 10 ಬಗೆ, ಹತ್ತೂ ದೇವಯೋನಿಗಳು. ಅಂದರೆ ಅಮರಸಿಂಹನ ಲೆಕ್ಕದಲ್ಲಿ ರಾಕ್ಷಸ, ಪಿಶಾಚ, ಭೂತ ಇವರೆಲ್ಲ ಗಂಧರ್ವ, ಅಪ್ಸರೆಯರ ಪಂಕ್ತಿಯಲ್ಲೇ ಕೂತಿದ್ದಾರೆ. ದೈತ್ಯ, ದಾನವರನ್ನು ಒಳಗೊಂಡ ಅಸುರರು ಮಾತ್ರ ಬೇರೆ. ನಾವು ಮಾತಿನಲ್ಲಿ ರಾಕ್ಷಸ, ಅಸುರ, ದೈತ್ಯ ಎಲ್ಲವನ್ನೂ ಒಂದೇ ಗೋಣಿಗೆ ತುಂಬುತ್ತೇವಲ್ಲ, ಕೋಶಕಾರ ಹಾಗೆ ಮಾಡಿಲ್ಲ. ನಾಗರು ಈ ಹತ್ತರಲ್ಲಿ ಇಲ್ಲವೇ ಇಲ್ಲ. ಅವರು ಪಾತಾಳಭೋಗಿವರ್ಗದಲ್ಲಿ, ಹಾವುಗಳ ಜೊತೆ ಇದ್ದಾರೆ.

ಜೈನರ ಲೆಕ್ಕ ಇನ್ನೊಂದು. ವ್ಯಂತರ ದೇವತೆಗಳು 8 ಬಗೆ: ಕಿನ್ನರ, ಕಿಂಪುರುಷ, ಮಹೋರಗ, ಗಂಧರ್ವ, ಯಕ್ಷ, ರಾಕ್ಷಸ, ಭೂತ, ಪಿಶಾಚ. ಇಲ್ಲಿ ದೊಡ್ಡ ಹಾವಾದ ಮಹೋರಗವೂ ಯಕ್ಷನೂ ಒಂದೇ ಸಾಲಿನವರು. ನಿಮಗೆ ಹುಂಚ ದೂರವೇನಲ್ಲ. ಅಲ್ಲಿನ ಪದ್ಮಾವತಿ ಅಮ್ಮನವರನ್ನು ನೆನಪಿಸಿಕೊಳ್ಳಿ. ಅವಳು ಪಾರ್ಶ್ವನಾಥನ ಯಕ್ಷಿ, ಆದರೆ ತಲೆಯ ಮೇಲೆ ಹಾವಿನ ಹೆಡೆ. ಯಕ್ಷರನ್ನೂ ನಾಗರನ್ನೂ ನೀವು ಎರಡು ಕಲಮಿನಲ್ಲಿ ಬರೆದು ನಡುವೆ ಗೆರೆ ಎಳೆದಿದ್ದೀರಿ. ಆ ಗೆರೆಯ ಮೇಲೆ ಅವಳು ಶತಮಾನಗಳಿಂದ ಪೂಜೆ ತೆಗೆದುಕೊಳ್ಳುತ್ತಿದ್ದಾಳೆ.

ಮಹಾಭಾರತದ ಆದಿಪರ್ವದ್ದು ಮೂರನೇ ಕ್ರಮ, ತಾಯಿಯ ಕಡೆಯಿಂದ ಎಣಿಸುವುದು. ತಂದೆ ಎಲ್ಲರಿಗೂ ಕಶ್ಯಪನೇ. ಅದಿತಿಯ ಮಕ್ಕಳು ಆದಿತ್ಯರು, ದಿತಿಯ ಮಕ್ಕಳು ದೈತ್ಯರು, ದನುವಿನ ಮಕ್ಕಳು ದಾನವರು, ಕದ್ರುವಿನ ಮಕ್ಕಳು ಸಾವಿರ ನಾಗರು, ವಿನತೆಯ ಮಕ್ಕಳು ಅರುಣ ಮತ್ತು ಗರುಡ. ರೂಪ, ಬಣ್ಣ, ಗುಣ ಯಾವುದೂ ಲೆಕ್ಕಕ್ಕಿಲ್ಲ. ಹಾವೂ ಹದ್ದೂ ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು! ಹಾಗಿರುವುದರಿಂದಲೇ ಅವರ ಹಗೆ ದಾಯಾದಿ ಹಗೆಯಾಗುತ್ತದೆ, ಕಥೆ ಹುಟ್ಟುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸುಶ್ರುತಸಂಹಿತೆ ಎಂಬ ಆಯುರ್ವೇದ ಗ್ರಂಥದ ಕಲ್ಪಸ್ಥಾನದ, ಅಂದರೆ ವಿಷಚಿಕಿತ್ಸೆಯ ಭಾಗದ ವಿಂಗಡಣೆ. ಅಲ್ಲಿ ಮೊದಲಿಗೇ ಸರ್ಪಗಳಲ್ಲಿ ಎರಡು: ದಿವ್ಯ, ಭೌಮ. ವಾಸುಕಿ, ತಕ್ಷಕ ಮೊದಲಾದವರು ದಿವ್ಯ. ಅವರಿಗೊಂದು ನಮಸ್ಕಾರ ಹಾಕಿ, ಅವರ ಮೇಲೆ ಚಿಕಿತ್ಸೆ ನಡೆಯದು ಎಂದು ಬದಿಗಿಡುತ್ತಾನೆ. ಉಳಿದ ನೆಲದ ಹಾವುಗಳು 80. ಅವನ್ನು ಹೆಡೆಯಿರುವ ದರ್ವೀಕರ, ಮೈಮೇಲೆ ಬಳೆಬಳೆಯಾಗಿ ಮಚ್ಚೆಯಿರುವ ಮಂಡಲಿ, ಗೀರುಗಳಿರುವ ರಾಜಿಮಂತ, ವಿಷವಿಲ್ಲದ ನಿರ್ವಿಷ, ಬೆರಕೆ ಹುಟ್ಟಿನ ವೈಕರಂಜ ಎಂದು ಐದು ಮಾಡುತ್ತಾನೆ. ಯಾಕೆ ಹೀಗೆ? ಕಚ್ಚಿಸಿಕೊಂಡವನನ್ನು ಎತ್ತಿಕೊಂಡು ಬಂದವರು ಹಾವಿನ ಹೆಸರು ಹೇಳಲಾರರು. ಹೆಡೆ ಇತ್ತೇ, ಮಚ್ಚೆ ಇತ್ತೇ, ಪಟ್ಟೆ ಇತ್ತೇ ಎಂದು ಕೇಳಿದರೆ ಹೇಳಬಲ್ಲರು. ಅಷ್ಟರ ಮೇಲೆ ವೈದ್ಯ ಚಿಕಿತ್ಸೆ ಶುರು ಮಾಡಬೇಕು. ಯಾರಿಗೆ ಬೇಕು, ಯಾತಕ್ಕೆ ಬೇಕು ಎರಡೂ ಸ್ಪಷ್ಟವಾಗಿರುವುದರಿಂದ ಆ ಪಟ್ಟಿ ಎಲ್ಲೂ ತೊಡರುವುದಿಲ್ಲ.

ನಿಮ್ಮದು ತೊಡರುತ್ತಿರುವುದು ಇಲ್ಲೇ. ರಾಕ್ಷಸರನ್ನು ಹುಟ್ಟಿನ ಮೇಲೆ, ಜಲವಾಸಿಗಳನ್ನು ಇರುವ ಜಾಗದ ಮೇಲೆ, ಕಾಡಿನ ದುಷ್ಟಶಕ್ತಿಗಳನ್ನು ಗುಣದ ಮೇಲೆ, ಡ್ರ್ಯಾಗನ್‌ಗಳನ್ನು ಬಣ್ಣದ ಮೇಲೆ ವಿಂಗಡಿಸಿದ್ದೀರಿ. ನಾಲ್ಕು ಅಳತೆಗೋಲು, ಒಂದೇ ಪಟ್ಟಿ. ನೀರಿನಲ್ಲಿರುವ ನೀಲಿ ಡ್ರ್ಯಾಗನ್ ಜಲವಾಸಿಯೋ ಡ್ರ್ಯಾಗನ್ನೋ? ಹೊಳೆಯಲ್ಲಿ ಮನೆ ಮಾಡಿಕೊಂಡ ರಾಕ್ಷಸ ಎಲ್ಲಿ ಸೇರುತ್ತಾನೆ? ಪುಸ್ತಕ ಓದಿದ ಹತ್ತನೇ ತರಗತಿಯ ಹುಡುಗ ಕೂಡ ಇದನ್ನು ಕೇಳಬಲ್ಲ. ನಿಮ್ಮ ಕಲ್ಪನೆಯಲ್ಲಿ ದೋಷವೇನೂ ಇಲ್ಲ. ಪಟ್ಟಿ ಯಾರದ್ದು ಅನ್ನುವುದೊಂದನ್ನು ನೀವು ನಿರ್ಧರಿಸಿಲ್ಲ.

ಈಗ ಅಕ್ಕನ ಮಗನ ಆಕ್ಷೇಪಣೆ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬ್ರಿಟನ್ನಿನ ಲಾಂಛನಶಾಸ್ತ್ರದಲ್ಲಿ, ಅಂದರೆ ಮನೆತನಗಳ ಗುರಾಣಿ ಮತ್ತು ಮುದ್ರೆಗಳ ಮೇಲೆ ಚಿತ್ರ ಬರೆಯುವ ನಿಯಮಗಳಲ್ಲಿ, ಸುಮಾರು 16ನೇ ಶತಮಾನದಿಂದ ಈಚೆಗೆ ನಾಲ್ಕು ಕಾಲು ಎರಡು ರೆಕ್ಕೆಯದು ಡ್ರ್ಯಾಗನ್, ಎರಡು ಕಾಲು ಎರಡು ರೆಕ್ಕೆಯದು ವೈವರ್ನ್ ಎಂಬ ಭೇದ ನಿಂತಿತು. ಒಂದು ಮನೆತನದ ಮುದ್ರೆ ಇನ್ನೊಂದರ ಜೊತೆ ಕಲಸಿಹೋಗಬಾರದಲ್ಲ, ಅದಕ್ಕೆ. ಯೂರೋಪಿನ ಉಳಿದ ಕಡೆ ಈ ಭೇದವನ್ನು ಅಷ್ಟಾಗಿ ಯಾರೂ ಪಾಲಿಸಲಿಲ್ಲ. ಇಟಲಿಯ ಪಾವೊಲೊ ಉಚ್ಚೆಲ್ಲೊ 1470ರ ಆಸುಪಾಸಿನಲ್ಲಿ ಬರೆದ ಸಂತ ಜಾರ್ಜ್‌ನ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರಲ್ಲಿರುವ ಡ್ರ್ಯಾಗನ್‌ಗೆ ಎರಡೇ ಕಾಲು. ಅದನ್ನು ನೋಡಿ ಯಾರೂ ನಗುವುದಿಲ್ಲ.

ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಲಿನೇಯಸ್. ಜೀವಿಗಳ ವರ್ಗೀಕರಣಕ್ಕೆ ಇಂದಿನ ರೂಪ ಕೊಟ್ಟ ಸ್ವೀಡನ್ನಿನ ವಿಜ್ಞಾನಿ. 1735ರಲ್ಲಿ ಅವನು ಹೊರತಂದ ಮೊದಲ ಪಟ್ಟಿಯಲ್ಲಿ ಪ್ರಾಣಿಗಳ ಜೊತೆಗೇ "ಪ್ಯಾರಡಾಕ್ಸಾ" ಎಂಬ ಒಂದು ಕಲಂ ಇತ್ತು. ಒಂಟಿಕೊಂಬಿನ ಕುದುರೆ, ಫೀನಿಕ್ಸ್, ಹೈಡ್ರಾ, ಡ್ರ್ಯಾಗನ್ ಎಲ್ಲ ಅಲ್ಲಿದ್ದವು. ನಂಬಿ ಸೇರಿಸಿದ್ದಲ್ಲ, ಜನರ ನಂಬಿಕೆ ಒಡೆಯಲು ಸೇರಿಸಿದ್ದು. ಅದೇ ವರ್ಷ ಹ್ಯಾಂಬರ್ಗ್ ನಗರದಲ್ಲಿ ಭಾರೀ ಬೆಲೆಯ, ಏಳು ತಲೆಯ ಹೈಡ್ರಾವೊಂದನ್ನು ಪರೀಕ್ಷಿಸಿ, ವೀಸಲ್ ಎಂಬ ಸಣ್ಣ ಪ್ರಾಣಿಯ ದವಡೆ ಮತ್ತು ಪಾದಗಳಿಗೆ ಹಾವಿನ ಚರ್ಮ ಅಂಟಿಸಿದ ಮೋಸ ಅದು ಎಂದು ತೋರಿಸಿಕೊಟ್ಟವನೂ ಅವನೇ. ಅವನ ಪಟ್ಟಿಯ ಡ್ರ್ಯಾಗನ್ ಹೇಗಿದೆ? ಹಾವಿನ ಮೈ, ಬಾವಲಿಯಂಥ ಎರಡು ರೆಕ್ಕೆ, ಎರಡು ಕಾಲು. ಹೌದು, ಎರಡೇ. ಅದು ರೆಕ್ಕೆಯಿರುವ ಹಲ್ಲಿಯೋ, ಅಥವಾ ತೊರಕೆ ಮೀನನ್ನು ಕತ್ತರಿಸಿ ಒಣಗಿಸಿ ಮಾಡಿದ ಕೃತಕವೋ ಎಂದು ಜೊತೆಗೆ ಷರಾ ಬರೆದಿದ್ದಾನೆ. ಮುಂದಿನ ಆವೃತ್ತಿಗಳಲ್ಲಿ ಆ ಕಲಮನ್ನೇ ಕಿತ್ತುಹಾಕಿದ.

ಇಷ್ಟು ದೂರ ಹೋಗದೆಯೂ ನಿಮ್ಮ ಹುಡುಗನಿಗೆ ಉತ್ತರ ಕೊಡಬಹುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಒಮ್ಮೆ ಕರೆದುಕೊಂಡು ಹೋಗಿ. ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ ಕಂಬದ ಗಂಡಭೇರುಂಡಕ್ಕೆ ಮನುಷ್ಯನ ಮೈ, ಎರಡು ಹಕ್ಕಿತಲೆ. ಸಾಗರ ತಾಲ್ಲೂಕಿನ ಕೆಳದಿ ರಾಮೇಶ್ವರ ದೇವಸ್ಥಾನದಲ್ಲಿ ತಲೆಯೆತ್ತಿ ನೋಡಿದರೆ ಕಾಣುವುದು ಹಕ್ಕಿಯೇ ಆದ ಗಂಡಭೇರುಂಡ. ನಮ್ಮ ಸರ್ಕಾರದ ಲಾಂಛನದಲ್ಲಿರುವುದೂ ಹಕ್ಕಿಯೇ. ಒಂದೇ ಜಿಲ್ಲೆಯೊಳಗೆ ಒಂದೇ ಹೆಸರಿನ ಜೀವಿಗೆ ಎರಡು ಮೈಕಟ್ಟು. ಇದರಲ್ಲಿ ಯಾವುದು ನಿಜವಾದ ಗಂಡಭೇರುಂಡ ಎಂದು ಯಾರೂ ಜಗಳವಾಡಿಲ್ಲ. ಕಾಲು ಎಣಿಸಿ ಕುಲ ಹೇಳುವ ಚಾಳಿ ಈ ಕಡೆಯದಲ್ಲ.

ಆದರೆ ಕಾಲಿನ ಲೆಕ್ಕದ ಹಿಂದೆ ಒಂದು ಸ್ವಾರಸ್ಯವಿದೆ. ಅದನ್ನು ನೀವು ಕಥೆಗೆ ಬಳಸಿಕೊಳ್ಳಬಹುದಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆನ್ನೆಲುಬಿರುವ ನೆಲದ ಪ್ರಾಣಿಗಳಿಗೆಲ್ಲ ಕೈಕಾಲಿನಂಥ ಅವಯವ ಹೆಚ್ಚೆಂದರೆ ನಾಲ್ಕೇ. ಹಕ್ಕಿಯ ರೆಕ್ಕೆ ಅದರ ಮುಂಗಾಲು, ಬಾವಲಿಯದ್ದೂ ಮುಂಗಾಲೇ. ಹಾಗಾಗಿ ನಾಲ್ಕು ಕಾಲಿನ ಜೊತೆ ಎರಡು ರೆಕ್ಕೆ ಎಂದರೆ ಆರು ಅವಯವ. ಅಂಥ ಪ್ರಾಣಿ ಎಲ್ಲೂ ಇಲ್ಲ. ಪ್ರಾಣಿಶಾಸ್ತ್ರ ಬಲ್ಲ ಕೆಲವರು ಎರಡು ಕಾಲಿನ ಡ್ರ್ಯಾಗನ್ನೇ ಹೆಚ್ಚು ನಂಬುವಂಥದ್ದು ಅನ್ನುವುದು ಇದರಿಂದಾಗಿ. ಅಂದರೆ ಅಕ್ಕನ ಮಗ ಯಾವುದನ್ನು ತಪ್ಪು ಅಂದನೋ ಅದೇ ಮೈಕಟ್ಟಿನ ದೃಷ್ಟಿಯಿಂದ ಹೆಚ್ಚು ಸರಿ.

ನಾಲ್ಕು ಕಾಲೂ ಬೇಕು ರೆಕ್ಕೆಯೂ ಬೇಕು ಅನ್ನುವವರಿಗೆ ಪ್ರಕೃತಿ ಇನ್ನೊಂದು ದಾರಿ ಮಾಡಿದೆ, ಅದು ನಿಮ್ಮ ಅಡಿಕೆ ತೋಟದಲ್ಲೇ ಇದೆ. ಹಾರುವ ಓತಿ. ತೇಜಸ್ವಿಯವರ 'ಕರ್ವಾಲೊ' ಓದಿದ ಕನ್ನಡಿಗರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಪಶ್ಚಿಮಘಟ್ಟದ ಈ ಓತಿಯ ವೈಜ್ಞಾನಿಕ ಹೆಸರು ಡ್ರಾಕೊ ಡುಸುಮಿಯೆರಿ. ಲಿನೇಯಸ್ ದಂತಕಥೆಯ ಡ್ರ್ಯಾಗನ್ನನ್ನು ಪಟ್ಟಿಯಿಂದ ಹೊರಹಾಕಿ, 1758ರ ಆವೃತ್ತಿಯಲ್ಲಿ ಅದೇ ಡ್ರಾಕೊ ಎಂಬ ಹೆಸರನ್ನು ಹಾರುವ ಓತಿಗಳ ಕುಲಕ್ಕೆ ಇಟ್ಟ. ಅಧಿಕೃತವಾಗಿ ಡ್ರ್ಯಾಗನ್ ಎಂದು ಕರೆಸಿಕೊಳ್ಳುವ ಪ್ರಾಣಿ ಮಲೆನಾಡಿನ ಮರದ ಮೇಲೆ ಇರುವೆ ತಿಂದುಕೊಂಡು ಇದೆ. ಇದಕ್ಕೆ ನಾಲ್ಕು ಕಾಲೂ ಕಾಲಾಗಿಯೇ ಇವೆ. ರೆಕ್ಕೆ ಆಗಿರುವುದು ಪಕ್ಕೆಲುಬು! ಕೆಲವು ಪಕ್ಕೆಲುಬುಗಳು ಉದ್ದಕ್ಕೆ ಬೆಳೆದು, ಅವುಗಳ ಮೇಲೆ ಚರ್ಮ ಬಿಗಿದು, ಬೇಕಾದಾಗ ಬಿಚ್ಚಿ ಬೇಡವಾದಾಗ ಮಡಚುವ ಕೊಡೆಯಂತಿದೆ. ಹಾರುವಾಗ ಮುಂಗಾಲುಗಳಿಂದ ಆ ಚರ್ಮದ ಅಂಚನ್ನು ಹಿಡಿದುಕೊಳ್ಳುತ್ತದೆ.

ಈ ಮೈಕಟ್ಟನ್ನು ನಿಮ್ಮ ಡ್ರ್ಯಾಗನ್‌ಗೆ ಕೊಟ್ಟು ನೋಡಿ, ಕಥೆ ತಾನಾಗಿ ಬದಲಾಗುತ್ತದೆ. ಪಕ್ಕೆಲುಬಿನ ರೆಕ್ಕೆಯನ್ನು ಬಡಿಯಲಾಗದು, ತೇಲಬಹುದು ಅಷ್ಟೆ. ತೇಲಲು ಎತ್ತರ ಬೇಕು. 1343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯಿಂದ ಕೊಲ್ಲೂರಿನ ಕಡೆಗೆ ಇಳಿದ ಡ್ರ್ಯಾಗನ್ ಗಳಿಗೆಯೊಳಗೆ ಘಟ್ಟದ ಕೆಳಗಿರುತ್ತದೆ. ಆದರೆ ವಾಪಸ್ ಬರಲು ಕಾಡಿನಲ್ಲಿ ನಡೆದು, ಬಂಡೆ ಹತ್ತಿಯೇ ಬರಬೇಕು. ಹಾಗಾದರೆ ಘಟ್ಟದ ಅಂಚು ಯಾರ ಕೈಯಲ್ಲಿದೆಯೋ ಡ್ರ್ಯಾಗನ್ ಅವರ ಕೈಯಲ್ಲಿ. ಇಳಿದ ಡ್ರ್ಯಾಗನ್ನನ್ನು ಹತ್ತುವ ದಾರಿಯಲ್ಲಿ ಕಾದು ಹಿಡಿಯುವವರ ಒಂದು ಪಡೆಯೇ ಇರಬಹುದು. ಬಯಲುಸೀಮೆಯ ಅರಸನಿಗೆ ಡ್ರ್ಯಾಗನ್ ಕೊಟ್ಟರೂ ಪ್ರಯೋಜನವಿಲ್ಲ. ಕೆಂಪು, ನೀಲಿ ಎಂಬ ವಿಂಗಡಣೆಯಿಂದ ಇಷ್ಟು ಸಿಕ್ಕುತ್ತಿತ್ತೇ? ಅದರ ಬದಲು ಬಡಿಯುವವು, ತೇಲುವವು, ಹಾರಲಾರದವು ಎಂದು ಮೂರು ಮಾಡಿದರೆ ಪ್ರತಿಯೊಂದು ಬಗೆಯೂ ಒಂದೊಂದು ಸೀಮೆಗೆ ತಾನಾಗಿ ಹೊಂದಿಕೊಳ್ಳುತ್ತದೆ. (ಬೆಂಕಿಯುಗುಳುವ ಡ್ರ್ಯಾಗನ್ನನ್ನು ಆಗುಂಬೆಯಲ್ಲಿ ಇಟ್ಟಿದ್ದೀರಲ್ಲ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರದು. ಪಾಪ, ಆಷಾಢದಲ್ಲಿ ಅದು ಏನು ಮಾಡುತ್ತದೆ ಎಂದು ಒಂದು ಅಧ್ಯಾಯ ಬರೆಯಿರಿ, ನಾನು ಕಾಸು ಕೊಟ್ಟು ಕೊಂಡು ಓದುತ್ತೇನೆ.)

ನಾಗರನ್ನು ಡ್ರ್ಯಾಗನ್‌ಗಳ ಉಪವರ್ಗ ಮಾಡಿದ್ದನ್ನು ಮಾತ್ರ ನಾನು ಒಪ್ಪಲಾರೆ. ಇದಕ್ಕೆ ಆಧಾರವೇ ಇಲ್ಲವೆಂದಲ್ಲ. ಬೌದ್ಧ ಧರ್ಮ ಚೀನಾಕ್ಕೆ ಹೋದಾಗ, ಮಳೆ ತರುವ, ನಿಧಿ ಕಾಯುವ ನಮ್ಮ ನಾಗನ ಕೆಲಸಗಳು ಅಲ್ಲಿನ ಲುಂಗ್ ಎಂಬ ಜೀವಿಯ ಕೆಲಸಗಳ ಜೊತೆ ಬೆರೆತವು. ಪಶ್ಚಿಮದವರು ಆ ಲುಂಗನ್ನು ಕಂಡು ಡ್ರ್ಯಾಗನ್ ಎಂದರು. ಹೀಗೆ ಎರಡು ಸುತ್ತು ಹಾಕಿ ನಾಗ ಡ್ರ್ಯಾಗನ್ ಆಯಿತು. ಆದರೆ ಯೂರೋಪಿನ ಡ್ರ್ಯಾಗನ್ ವೀರನೊಬ್ಬ ಕೊಲ್ಲಲೆಂದೇ ಇರುವ ಜೀವಿ. ನಾಗನನ್ನು ಕೊಂದರೆ ಏಳು ತಲೆಮಾರು ಬಿಡದ ದೋಷ ಅನ್ನುವ ನಾಡು ನಮ್ಮದು. ಕಥೆಯೊಳಗೆ ಆ ಜೀವಿಯ ಎದುರು ನಿಂತ ಮನುಷ್ಯ ಏನು ಮಾಡಬೇಕು ಅನ್ನುವುದೇ ಎರಡರಲ್ಲಿ ತಿರುಗುಮುರುಗು. ಒಂದನ್ನು ಇನ್ನೊಂದರ ಒಳಗಿಟ್ಟರೆ ನಿಮ್ಮ ನಾಯಕಿ ನಾಗನ ಬೆನ್ನೇರಿ ಯುದ್ಧಕ್ಕೆ ಹೊರಡಬೇಕಾಗುತ್ತದೆ. ಮನೆಯ ಹಿಂದೆ ನಾಗಬನವಿರುವ, ಪಂಚಮಿಗೆ ಹಾಲೆರೆಯುವ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ನಾಗರನ್ನು ಬೇರೆ ಕುಲವಾಗಿಯೇ ಇಡಿ. ಮಾದರಿ ಬೇಕಿದ್ದರೆ ಕಾಳಿಂಗ ಸರ್ಪವನ್ನು ನೋಡಿ. ತರಗೆಲೆ ಒಟ್ಟುಮಾಡಿ ಗೂಡು ಕಟ್ಟಿ ಮೊಟ್ಟೆ ಕಾಯುವ ಹಾವು ಅದು, ತಿನ್ನುವುದು ಹೆಚ್ಚಾಗಿ ಬೇರೆ ಹಾವುಗಳನ್ನೇ. ಅಂದಹಾಗೆ, ಏಷ್ಯಾದ ಉದ್ದಗಲಕ್ಕೂ ಒಂದೇ ಪ್ರಭೇದ ಎಂದುಕೊಂಡಿದ್ದ ಈ ಹಾವನ್ನು 2024ರಲ್ಲಿ ವಿಜ್ಞಾನಿಗಳು ನಾಲ್ಕಾಗಿ ಒಡೆದರು. ಪಶ್ಚಿಮಘಟ್ಟದ್ದಕ್ಕೆ ನಮ್ಮ ಹೆಸರನ್ನೇ ಇಟ್ಟು ಒಫಿಯೋಫೇಗಸ್ ಕಾಳಿಂಗ ಎಂದರು. ಕಣ್ಣಿಗೆ ಕಾಣುವ ಹಾವಿನ ಪಟ್ಟಿಯೇ ಹೀಗೆ ಬದಲಾಗುತ್ತಿರುವಾಗ ನಿಮ್ಮದು ಬದಲಾದರೆ ನಾಚಿಕೆಯೇನು?

ಬಣ್ಣ ನೋಡಿ ಗುಣ ಹೇಳುವ ಪದ್ಧತಿ ನಿಮಗೆ ಎಲ್ಲಿಂದ ಬಂತೆಂದು ಊಹಿಸಬಲ್ಲೆ. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಕೆಂಪು, ನೀಲಿ, ಹಸಿರು, ಕಪ್ಪು, ಬಿಳಿ ಡ್ರ್ಯಾಗನ್‌ಗಳು ಕೆಟ್ಟವು. ಚಿನ್ನ, ಬೆಳ್ಳಿ, ತಾಮ್ರದಂಥ ಲೋಹದ ಬಣ್ಣದವು ಒಳ್ಳೆಯವು. ಆಮೇಲೆ ಬಂದ ಎಷ್ಟೋ ವಿಡಿಯೊ ಗೇಮ್‌ಗಳಿಗೂ ಕಥೆಗಳಿಗೂ ಇದು ಹಬ್ಬಿತು. ಆಟಕ್ಕೆ ಇದು ಬೇಕು. ಮೇಜಿನ ಸುತ್ತ ಕೂತವರಿಗೆ ಎದುರಾಳಿ ಎಂಥವನೆಂದು ಒಂದೇ ನೋಟಕ್ಕೆ ತಿಳಿಯಬೇಕು. ನಮ್ಮ ಯಕ್ಷಗಾನದಲ್ಲೂ ಅಷ್ಟೆ. ರಾತ್ರಿ ದೀಪದ ಬೆಳಕಿನಲ್ಲಿ, ದೂರದಲ್ಲಿ ಕೂತವನಿಗೂ ಬಣ್ಣದ ವೇಷ ಯಾವುದು, ಪುಂಡು ವೇಷ ಯಾವುದು ಎಂದು ಬಾಯಿ ಬಿಡುವ ಮೊದಲೇ ಗೊತ್ತಾಗಬೇಕು. ಕಾದಂಬರಿಗೆ ಆ ಅವಸರವಿಲ್ಲ. ಆರುನೂರು ಪುಟ ಕೈಯಲ್ಲಿದೆ. ಅದೂ ಅಲ್ಲದೆ ಯಕ್ಷಗಾನದಲ್ಲಿ ಬಣ್ಣದ ವೇಷ ಹಾಕಿ ಬಂದವನೂ ಅರ್ಥ ಹೇಳುವಾಗ ತನ್ನ ನ್ಯಾಯವನ್ನು ಮಂಡಿಸುತ್ತಾನೆ, ನಾವು ತಲೆದೂಗುತ್ತೇವೆ.

ಹುಟ್ಟಾ ಕೆಟ್ಟ ಕುಲ ಎಂಬ ಕಲ್ಪನೆಗೆ ನಮ್ಮ ಪುರಾಣದಲ್ಲಿ ಆಧಾರ ಸಿಗುವುದು ಕಷ್ಟ. ಪ್ರಹ್ಲಾದ ದೈತ್ಯ, ವಿಭೀಷಣ ರಾಕ್ಷಸ. ಯಕ್ಷರ ಒಡೆಯ ಕುಬೇರನೂ ರಾವಣನೂ ವಿಶ್ರವಸನ ಮಕ್ಕಳು, ತಾಯಂದಿರು ಬೇರೆ. ಪಶ್ಚಿಮದ ಫ್ಯಾಂಟಸಿಗೆ ಅಡಿಪಾಯ ಹಾಕಿದ ಟೋಲ್ಕಿನ್‌ಗೂ ತಾನು ಸೃಷ್ಟಿಸಿದ ಓರ್ಕ್‌ಗಳು ಪೂರ್ತಿ ಉದ್ಧಾರವಿಲ್ಲದವರೇ ಎಂಬ ಪ್ರಶ್ನೆ ಕಾಡಿತ್ತು, ಪತ್ರಗಳಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಮೇಲೆ ಹೇಳಿದ ಆಟದವರೂ 2024ರ ನಿಯಮಪುಸ್ತಕದಲ್ಲಿ 'ರೇಸ್' (ಜನಾಂಗ) ಎಂಬುದನ್ನು ಕೈಬಿಟ್ಟು 'ಸ್ಪೀಷೀಸ್' (ಪ್ರಭೇದ) ಎಂದು ಬದಲಾಯಿಸಿಕೊಂಡರು. ನಮ್ಮಲ್ಲಿ ಇದು ಇನ್ನೂ ಸೂಕ್ಷ್ಮ. ಇಂಥವರ ಹೊಟ್ಟೆಯಲ್ಲಿ ಹುಟ್ಟಿದವರು ಇಂಥವರೇ ಎಂದು ಕನ್ನಡದಲ್ಲಿ ಬರೆದ ಕೂಡಲೇ ಓದುಗನ ಮನಸ್ಸು ಡ್ರ್ಯಾಗನ್ ಕಡೆ ಹೋಗುವುದಿಲ್ಲ, ಊರಿನ ಕೇರಿಗಳ ಕಡೆ ಹೋಗುತ್ತದೆ. ಜಾತಕದಲ್ಲಿ ರಾಕ್ಷಸ ಗಣ ಬಂತೆಂದು ಸಂಬಂಧ ತಪ್ಪಿಸಿಕೊಂಡವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರಲ್ಲ. ಆ ನೋವನ್ನು ತಿಳಿದೇ ಬರೆಯುವುದಾದರೆ ಬರೆಯಿರಿ, ದೊಡ್ಡ ವಸ್ತು. ಗೊತ್ತಿಲ್ಲದೆ ಅನುಬಂಧದ ಮೂಲಕ ನುಸುಳಿಸಬೇಡಿ. ನಿಮ್ಮ ಕಪ್ಪು ಡ್ರ್ಯಾಗನ್ ನಾಯಕಿಯನ್ನು ಉಳಿಸಲಿ. ಅದು ಕೆಟ್ಟದ್ದೆಂದು ಬರೆದವನು ಯಾರು ಎಂಬ ಪ್ರಶ್ನೆ ಆಗ ಏಳುತ್ತದೆ, ಅದಕ್ಕೆ ಕೆಳಗೆ ಬರುತ್ತೇನೆ.

ನಾಗಿಣಿಯ ಮಗಳ ಬಗ್ಗೆ ನನಗೆ ಚಿಂತೆಯೇ ಇಲ್ಲ. ಇಡೀ ಸರಣಿಯಲ್ಲಿ ನಿಮ್ಮ ಕೈಯಲ್ಲಿರುವ ಒಳ್ಳೆಯ ಪಾತ್ರ ಅವಳು. ಜನಮೇಜಯನ ಸರ್ಪಯಾಗವನ್ನು ನಿಲ್ಲಿಸಿದ್ದು ಯಾರು? ಆಸ್ತೀಕ. ವಾಸುಕಿಯ ತಂಗಿಗೂ ಒಬ್ಬ ಋಷಿಗೂ ಹುಟ್ಟಿದ ಮಗ. ಎರಡೂ ಕಡೆಯವನಾದ್ದರಿಂದಲೇ ಯಜ್ಞಶಾಲೆಯೊಳಗೆ ಅವನಿಗೆ ಪ್ರವೇಶವೂ ಇತ್ತು, ಹಾವುಗಳ ಮೇಲೆ ಕರುಳೂ ಇತ್ತು. ಘಟೋತ್ಕಚ, ಉಲೂಪಿಯ ಮಗ ಇರಾವಂತ, ಇವರೆಲ್ಲ ಎರಡು ಕುಲಗಳ ನಡುವಿನವರೇ. ಅವಳಿಗೆ ಪಟ್ಟಿಯಲ್ಲಿ ಜಾಗ ಮಾಡಿಕೊಡಲು ಹೋಗಬೇಡಿ. ಜಾಗವಿಲ್ಲದ್ದೇ ಅವಳ ಕಥೆ.

ಇನ್ನು ಅತ್ತೆಯವರ ಮಾತು. ನಿಮಗೆ ಬಂದ ಟೀಕೆಗಳಲ್ಲೆಲ್ಲ ತೂಕವಿರುವುದು ಅದಕ್ಕೇ. ಚೌಡಿ ಕೋಪಿಸಿಕೊಳ್ಳುತ್ತಾಳೆ ಎಂಬ ಭಯವನ್ನು ಬದಿಗಿಟ್ಟು, ಬರೀ ವಿಂಗಡಣೆಯ ದೃಷ್ಟಿಯಿಂದ ನೋಡಿದರೂ ಅವರು ಹೇಳಿದ್ದು ಸರಿ. ಯಕ್ಷ ಎಂದರೆ ಒಂದು ವರ್ಗ, ಅದರಲ್ಲಿ ಯಾರು ಬೇಕಾದರೂ ಇರಬಹುದು. ಚೌಡಿ ಹಾಗಲ್ಲ. ಇಂಥ ಬನದ ಚೌಡಿ, ಇಂಥ ತೋಟದ ಅಂಚಿನ ಭೂತಪ್ಪ, ಇಂಥ ಕೆರೆ ಏರಿಯ ಜಟಕ ಎಂದೇ ಮಾತಾಡುತ್ತೇವೆ. ಒಬ್ಬೊಬ್ಬರಿಗೂ ಗಡಿ ಇದೆ, ವರ್ಷಕ್ಕೊಮ್ಮೆ ಸಲ್ಲಬೇಕಾದದ್ದು ಇದೆ, ನಡೆದುಕೊಳ್ಳುವ ಮನೆಗಳಿವೆ. ಕಾಯುವವರೂ ಅವರೇ, ಮರೆತರೆ ಕಾಡುವವರೂ ಅವರೇ. ಅವರನ್ನು ದುಷ್ಟಶಕ್ತಿ ಎಂದು ಗುಂಪು ಕಟ್ಟುವುದು, ಊರಿನ ಹಿರಿಯರನ್ನೆಲ್ಲ ಒಂದು ತಲೆಬರಹದಡಿ ಬರೆದು ಸಿಡುಕರು ಎಂದು ಷರಾ ಹಾಕಿದ ಹಾಗೆ. ಕ್ಷೇತ್ರಕಾರ್ಯಕ್ಕೆ ಹೋದಾಗ ನಾನು ಕೇಳುತ್ತಿದ್ದುದೂ ಎಷ್ಟು ಬಗೆಯ ದೈವಗಳಿವೆ ಎಂದಲ್ಲ, ಈ ಜಾಗ ಯಾರದ್ದು ಎಂದು. ಆ ಪ್ರಶ್ನೆಗೆ ಜನ ಬಿಚ್ಚಿ ಹೇಳುತ್ತಾರೆ.

ಆದ್ದರಿಂದ ಅವರನ್ನು ಪಟ್ಟಿಯಿಂದ ತೆಗೆದು ನಕ್ಷೆಗೆ ಹಾಕಿ. ಕಥೆಯ ಕಾಡಿನಲ್ಲಿ ಪ್ರತಿ ತಿರುವಿಗೂ ಒಬ್ಬ ಒಡೆಯ ಅಥವಾ ಒಡತಿ ಇರಲಿ, ಹೆಸರು ನಿಮ್ಮದೇ ಸೃಷ್ಟಿಯಾಗಿರಲಿ. ನಿಜವಾದ ಬನದ ಹೆಸರನ್ನು, ನಡೆದುಕೊಳ್ಳುವ ಮನೆತನದ ಗುರುತನ್ನು, ಹರಕೆ ಸಲ್ಲಿಸುವ ಕ್ರಮವನ್ನು ಇದ್ದ ಹಾಗೆ ಎತ್ತಿ ಹಾಕಬೇಡಿ. ಯಾರದೋ ಮನೆದೇವರನ್ನು ನಿಮ್ಮ ಖಳನಾಯಕ ಮಾಡಿದರೆ ಆಗುವ ನೋವಿಗೆ ಪೀಠಿಕೆಯಲ್ಲಿ ಬರೆಯುವ ಕ್ಷಮೆ ಸಾಲದು.

ಹಾಗಾದರೆ ಈಗ ಮಾಡುವುದೇನು? ಮೂರು ದಾರಿ ಕಾಣುತ್ತಿವೆ.

ಮೊದಲನೆಯದು, ಒಂದೇ ಅಳತೆಗೋಲು ಹಿಡಿದು ಇಡೀ ಪಟ್ಟಿಯನ್ನು ಹೊಸದಾಗಿ ಮಾಡಿ, ಮೊದಲ ಸಂಪುಟವನ್ನು ತಿದ್ದಿ ಮರುಮುದ್ರಿಸುವುದು. ಕೈಯಿಂದ ದುಡ್ಡು ಹೋಗುತ್ತದೆ. ಹಳೆಯ ಪ್ರತಿ ಕೊಂಡವರ ಬಳಿ ಒಂದು, ಹೊಸದು ಕೊಂಡವರ ಬಳಿ ಇನ್ನೊಂದು ಪಟ್ಟಿ ಇರುತ್ತದೆ. ಕಥೆಯೊಳಗೆ ಎಲ್ಲೆಲ್ಲಿ ಹಳೆಯ ಹೆಸರು ಉಳಿದಿದೆ ಎಂದು ಹುಡುಕುವುದೇ ಒಂದು ಕೆಲಸ. ಮೊದಲ ಮುದ್ರಣದ ಪ್ರತಿಗಳು ಹೇಗೂ ಮುಗಿದಿವೆ ಎಂದಾದರೆ ಮಾತ್ರ ಇದನ್ನು ಯೋಚಿಸಿ.

ಎರಡನೆಯದು, ಪಟ್ಟಿಯ ಸಹವಾಸವೇ ಬೇಡವೆಂದು ಬಿಡುವುದು. ಅನೇಕ ಒಳ್ಳೆಯ ಕಾದಂಬರಿಗಳಲ್ಲಿ ಅದಿಲ್ಲ. ಆದರೆ ನಿಮ್ಮದು ದೊಡ್ಡ ಸರಣಿ, ಹೆಸರುಗಳು ರಾಶಿ ಇವೆ, ಎರಡು ಸಂಪುಟಗಳ ನಡುವೆ ವರ್ಷ ಕಳೆಯುತ್ತದೆ. ಓದುಗರು ದಾರಿ ತಪ್ಪುತ್ತಾರೆ. ಪಾತ್ರಗಳ ಹೆಸರು, ಊರು, ಸಂಬಂಧ ಇಷ್ಟನ್ನಾದರೂ ಕೊಡಬೇಕಾಗುತ್ತದೆ.

ಮೂರನೆಯದು ನನಗೆ ಹಿಡಿಸಿದ್ದು. ಮೊದಲ ಸಂಪುಟದ ಪಟ್ಟಿಯನ್ನು ಮುಟ್ಟಬೇಡಿ. ಅದನ್ನು ಕಥೆಯೊಳಗಿನ ಯಾರೋ ಒಬ್ಬರು ಬರೆದದ್ದು ಎಂದು ಎರಡನೇ ಸಂಪುಟದಲ್ಲಿ ತೋರಿಸಿ. ಆ ರಾಜ್ಯದ ಶಾನುಭೋಗ ಬರೆದದ್ದು ಅನ್ನೋಣ. ಯಾವ ಕುಲದಿಂದ ಎಷ್ಟು ಕಂದಾಯ ಎಂದು ಗೊತ್ತುಮಾಡಲು ಅವನಿಗೆ ಪಟ್ಟಿ ಬೇಕಿತ್ತು. ಕಂದಾಯ ಕೊಡದ ಕಪ್ಪು ಡ್ರ್ಯಾಗನ್‌ಗಳನ್ನು ಹುಟ್ಟಾ ಕೆಟ್ಟವು ಎಂದು ಬರೆದ, ಕಾನಿನ ಒಡತಿಯರನ್ನು ದುಷ್ಟಶಕ್ತಿ ಎಂದ, ಯಾಕೆಂದರೆ ಅವರಿರುವ ಕಾಡನ್ನು ಅಳೆಯಲು ಅವನ ಆಳುಗಳು ಹೆದರಿದರು. ಆಮೇಲೆ ಮಠದ ಪಂಡಿತ ತಾಯಿಯ ವಂಶ ನೋಡಿ ಇನ್ನೊಂದು ಪಟ್ಟಿ ಮಾಡಲಿ. ನಾಟಿ ವೈದ್ಯೆಯೊಬ್ಬಳು ಯಾರಿಗೆ ಯಾವ ಮದ್ದು ಹಿಡಿಯುತ್ತದೆ ಎಂಬುದರ ಮೇಲೆ ಮೂರನೆಯದನ್ನು ಮಾಡಿಟ್ಟುಕೊಂಡಿರಲಿ. ನಾಗಿಣಿಯ ಮಗಳು ರಾಜಸಭೆಗೆ ಬಂದಾಗ ಶಾನುಭೋಗನಿಗೆ ಅವಳು ಲೆಕ್ಕಕ್ಕೇ ಇಲ್ಲ, ಪಂಡಿತನಿಗೆ ಪೂರ್ತಿ ನಾಗಿಣಿ, ವೈದ್ಯೆಗೆ ಮನುಷ್ಯಳು. ಮೂವರೂ ವಾದಿಸಲಿ. ನಿಮ್ಮ ತಲೆನೋವೆಲ್ಲ ಅವರ ತಲೆಗೆ ಹೋಗುತ್ತದೆ.

ಇದರಲ್ಲೂ ಅಪಾಯವಿದೆ. ತಿರುವು ತಟ್ಟನೆ ಬಂದರೆ, ತಪ್ಪು ಮುಚ್ಚಲು ಮಾಡಿದ ಉಪಾಯ ಎಂದು ಓದುಗರಿಗೆ ವಾಸನೆ ಹತ್ತುತ್ತದೆ. ಎರಡನೇ ಸಂಪುಟದ ಮೊದಲ ಮೂರು ಅಧ್ಯಾಯಗಳ ಒಳಗೇ ಶಾನುಭೋಗನ ಕಡತವನ್ನು ಯಾರಾದರೂ ಓದುವ ಸನ್ನಿವೇಶ ತನ್ನಿ, ಮೊದಲ ಸಂಪುಟದ ಅನುಬಂಧದ ಒಂದು ಸಾಲನ್ನು ಅಕ್ಷರ ಬಿಡದೆ ಅಲ್ಲಿ ಉದ್ಧರಿಸಿ. ಪಟ್ಟಿ ಮಾಡುವವರು ಮೂವರಿಗಿಂತ ಹೆಚ್ಚಾಗುವುದು ಬೇಡ, ಕಥೆ ನಿಂತುಬಿಡುತ್ತದೆ.

ಯಾವ ದಾರಿ ಹಿಡಿದರೂ ನಿಮಗಾಗಿ ಮಾತ್ರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಕುಲಕ್ಕೂ ಒಂದು ಪುಟ: ಮೈಕಟ್ಟು, ಹುಟ್ಟು, ಇರುವ ಜಾಗ, ಆಯುಸ್ಸು, ಆಹಾರ, ಏನು ಮಾಡಲಾರದು. ಕೊನೆಯದ್ದನ್ನು ಮರೆಯಬೇಡಿ, ಬರೆಯುವಾಗ ಹೆಚ್ಚು ಬಾರಿ ತೆಗೆದು ನೋಡುವುದು ಅದನ್ನೇ. 'ಸ್ವಭಾವ' ಎಂಬ ಕಲಂ ಇದ್ದರೆ ಹೊಡೆದುಹಾಕಿ. ಅಚ್ಚಿಗೆ ಹೋಗುವ ಅನುಬಂಧ ಎರಡು ಪುಟ ಮೀರದಿರಲಿ, ಅದರ ಕೆಳಗೆ ಬರೆದವನ ಹೆಸರು ಮತ್ತು ಹುದ್ದೆ ಇರಲಿ. ಮುಖಪುಟದ ಚಿತ್ರವನ್ನು ಹಾಗೆಯೇ ಬಿಡಿ.